ತಾಯಿನ ಬೈಯೋಕೆ ಮುಂಚೆ ತಂದ್ಕೊಟ್ಟೋರನ್ನ ಕೇಳಿ

ಅಕ್ಕಂದಿರೇ, ಚಿಕ್ಕಮ್ಮಂದಿರೇ, ಇವತ್ತು ಸ್ವಲ್ಪ ಖಾರವಾಗೇ ಹೇಳ್ತೀನಿ. ಮಗು ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ ಸಾಕು, "ಇವ್ಳು ಏನ್ ಮಾಡ್ತಿದ್ಲು?" ಅಂತ ತಾಯಿ ಮೇಲೆ ಬೀಳ್ತೀವಿ. ಆ ಆಟದ ಸಾಮಾನು ತಂದ್ಕೊಟ್ಟೋರನ್ನ ಯಾರೂ ಕೇಳಲ್ಲ.

ತರೋರು ನಾವೇ ಕಣ್ರಮ್ಮ. ಗುಬ್ಬಿ ಜಾತ್ರೆಗೋ, ಎಡೆಯೂರಿಗೋ, ಸಿದ್ಧಗಂಗೆಗೋ ಹೋದ್ರೆ ಬರಿಗೈಲಿ ಬರೋಕಾಗಲ್ಲ ಅಂತ ಮಿಣಮಿಣ ಅನ್ನೋದನ್ನೇ ಆರಿಸ್ತೀವಿ. ಸೀರೆ ತಗೊಳ್ಳೋವಾಗ ಸೆರಗು, ಅಂಚು ಎಲ್ಲಾ ಬಿಡಿಸಿ ನೋಡೋ ನಾವು, ಆಟಿಕೆನ ಒಂದ್ಸಲ ಹಿಂದೆ ತಿರುಗಿಸಿ ನೋಡಲ್ಲ.

ಹಿಂದೆ ಇರೋದು ಬ್ಯಾಟರಿ ಮುಚ್ಚಳ. ಅದಕ್ಕೆ ಸ್ಕ್ರೂ ಇಲ್ದೆ ಉಗುರಲ್ಲೇ ಬಿಚ್ಕೊಂಡ್ರೆ ಅಲ್ಲೇ ವಾಪಸ್ ಇಡಿ. ಒಳಗಿನ ಬಿಲ್ಲೆಯಂಥ ಬಟನ್ ಸೆಲ್ ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಾಕೊಂಡ್ರೆ ಎರಡೇ ಗಂಟೇಲಿ ಸುಟ್ಟು ಗಾಯ ಮಾಡ್ಬಹುದು. "ಬಾಳೆಹಣ್ಣು ತಿನ್ನಿಸಿ, ನಾಳೆ ಹೊರಗೆ ಹೋಗುತ್ತೆ" ಅನ್ನೋ ಅಜ್ಜಿ ವೈದ್ಯ ಇಲ್ಲಿ ನಡೆಯಲ್ಲ. ವಾಂತಿನೂ ಮಾಡಿಸ್ಬೇಡಿ. ತಕ್ಷಣ ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡಿ.

"ನಾವೆಲ್ಲ ಹಿಂಗೇ ಬೆಳೀಲಿಲ್ವಾ?" ಅಂತೀರಿ. ನಾವು ಬೆಳೆದದ್ದು ಸೌಟು, ಲೋಟ, ಬಟ್ಟೆ ಗೊಂಬೇಲಿ. ಅವುಗಳ ಹೊಟ್ಟೇಲಿ ಬ್ಯಾಟರಿ ಇತ್ತಾ?

"ಮರದ್ದು ತಂದ್ರಾಯ್ತು" ಅನ್ನೋರೂ ಕೇಳಿ. ಚನ್ನಪಟ್ಟಣ ನಮ್ಮ ಕುಣಿಗಲ್‌ನೋರಿಗೆ ದೂರ ಅಲ್ಲ. ಆಲೆಮರ ಕಡೆದು ಅರಗಿನ ಬಣ್ಣ ಹಚ್ಚಿದ ಗೊಂಬೆ ನನಗೂ ಇಷ್ಟ. ಆದ್ರೆ ಅದರಿಂದ ಉದುರಿದ ಮಣಿಯೂ ಮಗು ಗಂಟಲಿಗೆ ಮಣಿಯೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋ ಕೊಳವೆ ಅಗಲ 31.7 ಮಿಲಿಮೀಟರ್; ಯಾವ ಚೂರೂ ಅದರೊಳಗೆ ಪೂರ್ತಿ ಇಳೀಬಾರದು. ಮರವೋ ಪ್ಲಾಸ್ಟಿಕ್ಕೋ, ಅಳತೆ ಒಂದೇ.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರೋದಕ್ಕೆ ವಿನಾಯಿತಿ ಐತೆ. ಅಂಗಡಿಯೋನನ್ನ "ಗುರುತು ಎಲ್ಲಪ್ಪಾ?" ಅಂತ ಕೇಳಿ. "ಎಲ್ರೂ ಇದನ್ನೇ ತಗೊಂಡೋಗ್ತಾರೆ" ಅಂದ್ರೆ ಅದು ಉತ್ತರ ಅಲ್ಲ.

ಗುರುತಿರೋದು ದುಬಾರಿ ಆಯ್ತಾ? ಬಿಡಿ, ತರ್ಬೇಡಿ. ಅಡುಗೆಮನೇಲಿ ಸ್ಟೀಲ್ ಡಬ್ಬಿ ಐತೆ, ಸೌಟು ಐತೆ, ಬಡಿದು ಆಡ್ಲಿ. ನಾಮಕರಣಕ್ಕೆ ಬರಿಗೈಲಿ ಬಂದ್ರೂ ಮಗು ಏನೂ ಅಂದ್ಕೊಳ್ಳಲ್ಲ. ಆ ಮರ್ಯಾದೆ ಚಿಂತೆ ನಮ್ಮದು, ಅದಕ್ಕೆ ಮಗು ಗಂಟಲು ಒಡ್ಡೋದು ಬೇಡ.