ಖಾಲಿ ಟ್ಯಾಂಕು

“ಡೀಸೆಲ್ ತಾನೆ, ಅದೂ ಖಾಲಿ ಟ್ಯಾಂಕು, ನೀನು ಒಳಗೆ ಹೋಗು” ಎನ್ನುವ ಗಂಡಸರೊಡನೆ ನನ್ನ ಜಗಳವಿದೆ. ಹಳೆಯ ಪಿಕಪ್ ವ್ಯಾನಿನ ಸೋರುವ ಟ್ಯಾಂಕಿಗೆ ಮನೆಯಂಗಳದಲ್ಲೇ ವೆಲ್ಡಿಂಗ್ ಮಾಡಿಸುವುದು ಉಳಿತಾಯವಂತೆ! ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಒಳಗೆ ಅಂಟಿದ ಡೀಸೆಲ್ ವೆಲ್ಡಿಂಗಿನ ಕಾವಿಗೆ ಆವಿಯಾಗಿ, ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ತೊಳೆದಿದ್ದೇವೆ ಎನ್ನುತ್ತಾರೆ. ಎಣ್ಣೆ ಡಬ್ಬಿಯ ಮೂಲೆಯ ಜಿಡ್ಡು ಬರೀ ನೀರಿಗೆ ಹೋಗುವುದಿಲ್ಲವೆಂದು ಪಾತ್ರೆ ಉಜ್ಜುವ ನಮಗೆ ಗೊತ್ತಿಲ್ಲವೆ? ನಾನಂತೂ ವೆಲ್ಡಿಂಗಿಗೆ ಮನೆಯ ಕರೆಂಟು ಕೊಡಲಿಲ್ಲ. ಯಜಮಾನರು ಮೂರು ದಿನ ಮಾತು ಬಿಟ್ಟರು. ಬಿಡಲಿ. ಒಳಗಿನಿಂದ ತುಕ್ಕು ತಿಂದ ತಗಡು, ಇಂದು ಇಲ್ಲಿ ಮುಚ್ಚಿದರೆ ನಾಳೆ ಪಕ್ಕದಲ್ಲಿ ಸೋರುತ್ತದೆ. ಹೊಸ ಟ್ಯಾಂಕನ್ನೇ ತರಲಿ. ಮನೆಯಲ್ಲೇ ಕೂರಿಸುವುದಿದ್ದರೆ ಡೀಸೆಲ್ ಬಸಿದು, ಬ್ಯಾಟರಿಯ ತಂತಿ ಬಿಚ್ಚಿ ಕೂರಿಸಲಿ. ಬೀಡಿ ಆಮೇಲೆ ಸೇದಲಿ, ಬೀದಿಯಲ್ಲಿ.