ಬಾರದ ಆಟಗಾರರು ಮತ್ತು ನಾವು ಪ್ರೇಕ್ಷಕರು

ನಾನು ಟೆನ್ನಿಸ್ ರಾಕೆಟ್ಟನ್ನು ಕೈಯಲ್ಲಿ ಹಿಡಿದವನಲ್ಲ. ಸವಳಂಗದ ಕಡೆಯ ಹುಡುಗರ ಆಟವೆಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟು. ಆದರೂ ಟೆನ್ನಿಸಿನ ವಿಷಯವಾಗಿ ನಾಲ್ಕು ಮಾತು ಬರೆಯುವುದಕ್ಕೆ ಕಾರಣವಾದುದು ಒಂದು ಕಬಡ್ಡಿ ಪಂದ್ಯ.

ಹೋದ ವರ್ಷ ನಮ್ಮೂರಿನಲ್ಲಿ ರಾತ್ರಿ ಪಂದ್ಯಗಳು ನಡೆದವು. ಕರಪತ್ರದಲ್ಲಿ ಹೆಸರು ಅಚ್ಚಾಗಿದ್ದ ಒಬ್ಬ ಆಟಗಾರ ಅಂಗಳಕ್ಕೆ ಇಳಿಯಲಿಲ್ಲ. ಹೆಚ್ಚು ದುಡ್ಡು ಸಿಕ್ಕಿತೆಂದು ಬೇರೆ ಊರಿಗೆ ಹೋದನಂತೆ ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಅವನ ತಂಡದವರು ದಾಳಿಗೆ ಹೋದಾಗಲೆಲ್ಲ ನಾವು ಕೂಗಿ ಅಣಕಿಸಿದೆವು. ಆ ಕೂಗಿನಲ್ಲಿ ನನ್ನ ದನಿಯೇನೂ ಸಣ್ಣದಾಗಿರಲಿಲ್ಲ. ಎರಡು ದಿನಗಳ ಮೇಲೆ ಆತ ಬಸ್ ನಿಲ್ದಾಣದಲ್ಲಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದುದನ್ನು ಕಂಡೆ. ಮಾತನಾಡಿಸುವ ಧೈರ್ಯವಾಗಲಿಲ್ಲ.

ಇಂಥದೇ ಒಂದು ಮಂಡಿನೋವಿನ ಕಥೆ ಅಮೆರಿಕೆಯಲ್ಲಿಯೂ ನಡೆದಿದೆ. 2001ರಲ್ಲಿ ಕ್ಯಾಲಿಫೋರ್ನಿಯದ ಇಂಡಿಯನ್ ವೆಲ್ಸ್ ಕೂಟದಲ್ಲಿ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಎಂಬ ಅಕ್ಕತಂಗಿಯರು ಉಪಾಂತ್ಯದಲ್ಲಿ ಎದುರಾಗಬೇಕಿತ್ತು. ಪಂದ್ಯಕ್ಕೆ ಕೆಲವೇ ನಿಮಿಷಗಳಿರುವಾಗ ಅಕ್ಕ ಮಂಡಿನೋವೆಂದು ಹಿಂದೆ ಸರಿದಳು. ಗೆಲ್ಲುವವರಾರೆಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಂಡಿದ್ದಾರೆಂದು ಗುಲ್ಲೆದ್ದಿತು. ಅಂತಿಮ ಪಂದ್ಯದಲ್ಲಿ ಜನ ತಂಗಿಯನ್ನು ಹೀಯಾಳಿಸಿದರು. ಆಕೆ ಬೆಲ್ಜಿಯಂನ ಕಿಮ್ ಕ್ಲೈಸ್ಟರ್ಸಳನ್ನು ಸೋಲಿಸಿ ಪ್ರಶಸ್ತಿ ಪಡೆದಳು. ಆದರೆ ಮತ್ತೆ ಆ ಊರಿಗೆ ಬಂದದ್ದು 2015ರಲ್ಲಿ. ಅಕ್ಕ ಬಂದದ್ದು ಅದರ ಮರುವರ್ಷ.

ಇದರ ಲಾಭ ಬೆಂಗಳೂರಿಗಾಯಿತು! 2008ರ ಮಾರ್ಚಿಯಲ್ಲಿ ಕಬ್ಬನ್ ಪಾರ್ಕಿನ ಟೆನ್ನಿಸ್ ಅಂಗಳದಲ್ಲಿ ನಡೆದ ಮಹಿಳೆಯರ ಬೆಂಗಳೂರು ಓಪನ್ ಮುಗಿದ ಬೆನ್ನಿಗೇ ಇಂಡಿಯನ್ ವೆಲ್ಸ್ ಕೂಟವಿತ್ತು. ಅಲ್ಲಿ ಆಡಬೇಕಾದವರು ಅರ್ಧ ಭೂಮಂಡಲ ದಾಟಿ ಬೆಂಗಳೂರಿಗೆ ಬಂದು ಹೋಗುವುದು ಸುಲಭವಲ್ಲ. ಅಲ್ಲಿಗೆ ಹೋಗದ ಈ ಅಕ್ಕತಂಗಿಯರಿಗೆ ಆ ತೊಡಕಿರಲಿಲ್ಲ. ಇಲ್ಲಿಯ ಉಪಾಂತ್ಯದಲ್ಲಿ ಇಬ್ಬರೂ ಎದುರಾಗಿ ಮೂರು ಸೆಟ್ಟುಗಳ ಕಾಲ ಕಾದಾಡಿದರು. 6-3, 3-6, 7-6ರಿಂದ ತಂಗಿ ಗೆದ್ದಳು. ಮುಂದೆ ಪ್ಯಾಟಿ ಶ್ನೈಡರಳನ್ನು ಮಣಿಸಿ ಪ್ರಶಸ್ತಿಯನ್ನೂ ಪಡೆದಳು. ಆಗ ನಾನಿನ್ನೂ ಮಾತು ಕಲಿಯುತ್ತಿದ್ದ ಕೂಸು. ಆ ಪಂದ್ಯ ನೋಡಿದವರ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚಿದೆ.

ಆದರೆ ಅದೇ ಕೂಟಕ್ಕೆ ನಮ್ಮ ದೇಶದವಳೇ ಆದ ಸಾನಿಯಾ ಮಿರ್ಜಾ ಬರಲಿಲ್ಲ. ಹೈದರಾಬಾದು ಬೆಂಗಳೂರಿಗೆ ದೂರವೇ? ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಏಳುತ್ತದೆ, ಆದುದರಿಂದ ಸದ್ಯಕ್ಕೆ ಇಲ್ಲಿ ಆಡುವುದಿಲ್ಲವೆಂದು ಆಕೆ ಫೆಬ್ರವರಿಯಲ್ಲಿಯೇ ತಿಳಿಸಿಬಿಟ್ಟಿದ್ದಳು. ತೊಟ್ಟ ಉಡುಪಿನ ಮೇಲೆ ಒಂದು ಗದ್ದಲ, ಮಸೀದಿಯ ಆವರಣದಲ್ಲಿ ಜಾಹೀರಾತಿನ ಚಿತ್ರೀಕರಣವಾಯಿತೆಂದು ಇನ್ನೊಂದು, ರಾಷ್ಟ್ರಧ್ವಜದ ಸಮೀಪ ಕಾಲು ಚಾಚಿದ ಛಾಯಾಚಿತ್ರವೆಂದು ಮತ್ತೊಂದು. ಇವುಗಳಲ್ಲಿ ಚೆಂಡಿಗೆ ಸಂಬಂಧಪಟ್ಟದ್ದು ಒಂದೂ ಇಲ್ಲ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಆಕೆ ಆಡಿ ಬೆಳ್ಳಿಯ ಪದಕ ಗೆದ್ದಳು. ಬೆಂಗಳೂರಿನವರು ಕಳೆದುಕೊಂಡ ಪಂದ್ಯ ಮಾತ್ರ ಕಳೆದೇಹೋಯಿತು.

ಯಾರು ಯಾವ ಊರಿನಲ್ಲಿ ಆಡುತ್ತಾರೆಂಬುದನ್ನು ವ್ಯವಸ್ಥಾಪಕರು ಮಾತ್ರ ಗೊತ್ತುಮಾಡುವುದಿಲ್ಲ. ಅಂಗಳದ ಹೊರಗೆ ಕುಳಿತ ನಾವೂ ಗೊತ್ತುಮಾಡುತ್ತೇವೆ ಎಂಬುದೇ ನನ್ನ ವಾದ. ಇದನ್ನು ಹೇಳಿದಾಗ ನನ್ನ ಸಹಪಾಠಿಯೊಬ್ಬ, "ದುಡ್ಡು ಕೊಟ್ಟು ಟಿಕೆಟು ಕೊಂಡವನಿಗೆ ಕೇಳುವ ಹಕ್ಕಿಲ್ಲವೇನೋ?" ಎಂದು ಸಿಟ್ಟಾದ. ಹಕ್ಕುಂಟು. ಹೆಸರು ತೋರಿಸಿ ಹಣ ಪಡೆದವರು, ಆ ಹೆಸರಿನವರು ಬಾರದಿದ್ದರೆ ಆದಷ್ಟು ಬೇಗ ತಿಳಿಸಬೇಕು. ಸಾನಿಯಾ ಮೊದಲೇ ತಿಳಿಸಿದಳು. ವೀನಸ್ ಕೊನೆಯ ಗಳಿಗೆಯಲ್ಲಿ ತಿಳಿಸಿದಳು. ಆ ತಡಕ್ಕೆ ಜನ ಮುನಿದುದನ್ನು ನಾನು ತಪ್ಪೆನ್ನಲಾರೆ. ಆದರೆ ಅಕ್ಕ ಬಾರದುದಕ್ಕೆ ಆಡಲು ಬಂದ ತಂಗಿಯನ್ನು ಬೈದರು. ಬಂದು ಆಡುತ್ತಿದ್ದವರನ್ನೇ ನಾವೂ ಬೈದದ್ದಲ್ಲವೆ?

ಆ ತಂಡ ಈ ವರ್ಷ ನಮ್ಮೂರಿಗೆ ಬರಲೊಪ್ಪಿಲ್ಲ. ಕರೆಯಲು ಇನ್ನೊಮ್ಮೆ ಹೋಗುವವರಿದ್ದಾರೆ. ಜೊತೆಗೆ ನಾನೂ ಬರುತ್ತೇನೆಂದು ಹೇಳಿದ್ದೇನೆ.