ಹಿಮದೇಶದ ನಾಯಿಬಂಡಿಗಳೂ ಅವುಗಳ ಹಿಂದಿನ ಕೈಗಳೂ

ಅಲಾಸ್ಕಾದಲ್ಲಿ ಚಳಿಗಾಲ ಬಂದಿತೆಂದರೆ ನದಿಗಳು ಹೆಪ್ಪುಗಟ್ಟುವುವು. ಉತ್ತರದ ಕರಾವಳಿಗೆ ಹಡಗುಗಳು ಬರಲಾರವು. ಆಳವಾದ ಹಿಮದಲ್ಲಿ ಕುದುರೆಯ ಕಾಲು ಹೂತುಹೋಗುವುದು. ಆದುದರಿಂದ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಂಚೆಯ ಚೀಲ, ಆಹಾರ ಸಾಮಗ್ರಿ, ರೋಗಿ, ಎಲ್ಲಕ್ಕೂ ನಾಯಿಗಳೆಳೆಯುವ ಜಾರುಬಂಡಿಯೇ ಗತಿಯಾಗಿದ್ದಿತು.

1925ನೆಯ ಇಸವಿಯ ಜನವರಿಯಲ್ಲಿ ಅಲ್ಲಿಯ ನೋಮ್ ಎಂಬ ಊರಿನ ಮಕ್ಕಳಲ್ಲಿ ಗಂಟಲಮಾರಿ ರೋಗವು ಕಾಣಿಸಿಕೊಂಡಿತು. ವೈದ್ಯರಾದ ಕರ್ಟಿಸ್ ವೆಲ್ಚ್‌ರವರಲ್ಲಿದ್ದ ಔಷಧವು ಅವಧಿ ಮೀರಿದುದಾಗಿದ್ದಿತು. ಅವರು ತಂತಿಯ ಮೂಲಕ ಸಹಾಯ ಬೇಡಿದರು. ಹೊಸ ಔಷಧವು ನೆನಾನಾ ಎಂಬಲ್ಲಿಯವರೆಗೆ ರೈಲಿನಲ್ಲಿ ಬಂದಿತು. ಮುಂದಿನ 674 ಮೈಲುಗಳನ್ನು ಸುಮಾರು 20 ಮಂದಿ ಬಂಡಿಕಾರರೂ 150ರಷ್ಟು ನಾಯಿಗಳೂ ಸರದಿಯಿಂದ ಓಡಿ, ಐದೂವರೆ ದಿನಗಳಲ್ಲಿ ದಾಟಿಸಿದರು. ಫೆಬ್ರುವರಿ 2ರಂದು ಔಷಧವು ಊರು ಸೇರಿತು.

ಕೀರ್ತಿಯು ಯಾರ ಪಾಲಾಯಿತು? ಕಡೆಯ ಸರದಿಯ ಮುಂದಾಳಾದ ಬಾಲ್ಟೊ ಎಂಬ ನಾಯಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಪ್ರತಿಮೆಯನ್ನು ನಿಲ್ಲಿಸಿದರು. ಔಷಧವನ್ನು ಹೊತ್ತು ಎಲ್ಲರಿಗಿಂತಲೂ ದೂರ, ಎಂದರೆ 91 ಮೈಲು, ಓಡಿದ ಸೆಪ್ಪಾಲನ ತಂಡದ ಮುಂದಾಳು ಟೋಗೊ. ಅದರ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. ಬಂಡಿಕಾರರಲ್ಲಿ ಅನೇಕರು ಆ ನೆಲದ ಮೂಲನಿವಾಸಿಗಳು. ಅವರಿಗೆ ದೊರೆತ ಮನ್ನಣೆ ಇನ್ನೂ ಕಡಿಮೆ.

ನಾವಾದರೋ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ನೋಡಬೇಕೆನ್ನುತ್ತೇವೆ. ಆ ನಾಡಿನಲ್ಲಿ ಆಗ ಬಂಡಿಯ ನಾಯಿಗಳ ಮುಖ್ಯ ಆಹಾರವು ಒಣಗಿಸಿದ ಸಾಲ್ಮನ್ ಮೀನಾಗಿದ್ದಿತು. ಬೇಸಗೆಯಲ್ಲಿ ನದಿಯ ದಡದಲ್ಲಿ ಕುಳಿತು ಅದನ್ನು ಸೀಳಿ, ಒಣಗಿಸಿ, ಚಳಿಗಾಲಕ್ಕೆ ಕೂಡಿಡುತ್ತಿದ್ದವರು ಬಹುಮಟ್ಟಿಗೆ ಸ್ತ್ರೀಯರು. ಬಂಡಿಕಾರನು ಧರಿಸುವ ತುಪ್ಪುಳಿನ ಅಂಗಿಯನ್ನೂ ಚರ್ಮದ ಪಾದರಕ್ಷೆಯನ್ನೂ ಹೊಲಿಯುತ್ತಿದ್ದವರೂ ಅವರೇ. ಒಂದು ಹೊಲಿಗೆ ಬಿಚ್ಚಿದರೆ ಆ ಚಳಿಯಲ್ಲಿ ಬೆರಳೇ ಹೋದೀತು. ನೋಮ್ ಊರಿನಲ್ಲಿಯೂ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಂಡವರು ಎಮಿಲಿ ಮಾರ್ಗನ್ ಎಂಬ ದಾದಿ. ಇವರಾರಿಗೂ ನ್ಯೂಯಾರ್ಕಿನ ಆ ಕಲ್ಲಿನ ಮೇಲೆ ಸ್ಥಳವಿಲ್ಲ.

ಎಲ್ಲರಿಗೂ ಪ್ರತಿಮೆ ನಿಲ್ಲಿಸಲಾದೀತೇ ಎಂದು ಕೆಲವರು ಕೇಳಬಹುದು. ಆಗದು, ನಾವು ಅದನ್ನು ಬೇಡುವುದೂ ಇಲ್ಲ. ಕಥೆಯನ್ನು ಪೂರ್ತಿಯಾಗಿ ಹೇಳಿರೆಂಬುದೇ ನಮ್ಮ ಬೇಡಿಕೆ. 1960ರ ದಶಕದಲ್ಲಿ ಯಂತ್ರದ ಹಿಮವಾಹನಗಳು ಬಂದು ನಾಯಿಬಂಡಿಯ ನಿತ್ಯದ ಕೆಲಸವು ಬಹುತೇಕ ನಿಂತುಹೋಯಿತು. ಕೆಲಸವು ನಿಂತ ಮೇಲೆ ಉಳಿಯುವುದು ಕಥೆಯೊಂದೇ. ಅದರಲ್ಲಿ ಬಿಟ್ಟುಹೋದವರು ಎಂದೆಂದಿಗೂ ಬಿಟ್ಟುಹೋದಂತೆಯೇ.

ಆದುದರಿಂದ ಪೋಷಕರೇ, ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೇ, ಮಕ್ಕಳಿಗೆ ವೀರರ ಕಥೆಗಳನ್ನು ಅವಶ್ಯವಾಗಿ ಹೇಳಿರಿ. ಆದರೆ ಓಡಿದವನು ಯಾರೆಂದು ಹೇಳಿದ ಮೇಲೆ, ಅವನಿಗೆ ಉಣಬಡಿಸಿದವರು ಯಾರು, ಅವನ ಅಂಗಿಯನ್ನು ಹೊಲಿದವರು ಯಾರು ಎಂದು ಕೇಳುವುದನ್ನೂ ಕಲಿಸಿರಿ. ಹೀಗೆ ಕೇಳಲು ಕಲಿತ ಹುಡುಗಿಯು ತನ್ನ ತಾಯಿಯ ದುಡಿಮೆಯನ್ನು ಅಲ್ಪವೆಂದು ಎಣಿಸಲಾರಳು.